ಮುಟ್ಟುಗೋಲು ಹಾಕಿದ ಮಾಲು

ಬಿಸ್ಕತ್ತಿನ ದೊಡ್ಡ ಡಬ್ಬಿಯನ್ನು ಎದೆಗವಚಿಕೊಂಡು ಸುಲಾಂಗ್ ಯುಡಾನ್ ಊರಿನ ಪುಟ್ಟ ವಿಮಾನ ನಿಲ್ದಾಣಕ್ಕೆ ಬಂದಾಗ ಬೆಳಗಿನ ಮಂಜು ಇನ್ನೂ ಗದ್ದೆ ಬಿಟ್ಟು ಎದ್ದಿರಲಿಲ್ಲ. ಮಲೇಷ್ಯಾದ ಸಾರವಾಕಿನ ಆ ಬೆಟ್ಟದೂರು ಲೊಂಗ್ ಸೆರಾಯನ್‌ನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಅವಳು ಶಾಲೆಯ ಮೇಡಂ. ಊರಿನವರ ಬಾಯಲ್ಲಿ ‘ಚೆಗು’. ಒಂಬತ್ತು ವರ್ಷದಿಂದ ಶಿಸ್ತಿನ ಜವಾಬ್ದಾರಿಯೂ ಅವಳ ತಲೆಗೇ ಬಿದ್ದಿತ್ತು.

ಡಬ್ಬಿಯಲ್ಲಿ ಮೂವತ್ತೊಂದು ಇ-ಸಿಗರೇಟುಗಳಿದ್ದವು. ಹಾಸ್ಟೆಲ್ಲಿನ ದಿಂಬಿನೊಳಗಿಂದ, ಕಾಲುಚೀಲದಿಂದ, ಒಂದಂತೂ ಹಾಳೆ ಕೊರೆದ ಬೈಬಲ್ಲಿನ ಹೊಟ್ಟೆಯಿಂದ ಅವಳೇ ಹೆಕ್ಕಿ ತೆಗೆದವು. ಮುಚ್ಚಳ ತೆರೆದರೆ ಮಾವಿನ ಹಣ್ಣಿನ ವಾಸನೆ, ಬಬಲ್ ಗಮ್ಮಿನ ವಾಸನೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ತಲೆನೋವು ಶುರುವಾಗುತ್ತಿತ್ತು.

ಪಟ್ಟಣದ ಶಿಕ್ಷಣ ಕಚೇರಿಯಿಂದ ಪತ್ರ ಬಂದಿತ್ತು: ವಶಪಡಿಸಿಕೊಂಡ ವಸ್ತುಗಳನ್ನು ಶುಕ್ರವಾರ ಬೆಳಗಿನೊಳಗೆ ಖುದ್ದಾಗಿ ತಂದೊಪ್ಪಿಸತಕ್ಕದ್ದು. ಗುಡ್ಡ ಕುಸಿದು ರಸ್ತೆ ಮುಚ್ಚಿ ಒಂಬತ್ತು ದಿನವಾಗಿತ್ತು. ಇದ್ದದ್ದು ಗುರುವಾರದ ಈ ಪುಟ್ಟ ವಿಮಾನವೊಂದೇ.

ತಪಾಸಣೆಯ ಮೇಜಿನ ಹಿಂದೆ ಬಲಾಂಗ್ ನಿಂತಿದ್ದ. ಹತ್ತು ವರ್ಷದ ಹಿಂದೆ ಅವಳದೇ ತರಗತಿಯ ಕೊನೆಯ ಬೆಂಚಿನಲ್ಲಿದ್ದವನು. ಈಗ ಇಸ್ತ್ರಿ ಹಾಕಿದ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಪಟ್ಟಿ.

“ಡಬ್ಬೀಲಿ ಏನು ಚೆಗು, ಬಿಸ್ಕತ್ತಾ?”

“ವೇಪು ಕಣೋ. ಮೂವತ್ತೊಂದು.”

ಬಲಾಂಗ್ ನಗುತ್ತಲೇ ಮುಚ್ಚಳ ತೆಗೆದ. ನಗು ನಿಂತಿತು.

“ಇದನ್ನ ಲಗೇಜಿಗೆ ಹಾಕೋ ಹಾಗಿಲ್ಲ. ಒಳಗೆ ಬ್ಯಾಟರಿ ಇದೆ. ಮೂಟೆ ಮಧ್ಯ ಬೆಂಕಿ ಹತ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ.”

“ಹೋಗ್ಲಿ ಬಿಡು, ತೊಡೆ ಮೇಲೆ ಇಟ್ಕೊಂಡು ಕೂತ್ಕೋತೀನಿ.”

“ಕೈಲಿ ಒಯ್ಯೋದಾದ್ರೆ ಸ್ವಂತ ಬಳಕೆಗೆ ಇರಬೇಕು. ಅದೂ ಒಬ್ರಿಗೆ ಎರಡೇ.”

“ಸ್ವಂತ ಬಳಕೆಗಾ? ನಾನು ಇದನ್ನ ಸೇದ್ತೀನೇನೋ?”

“ಸೇದಲ್ಲ ಅಂತ ಊರಿಗೇ ಗೊತ್ತು ಚೆಗು. ಅದೇ ತೊಂದ್ರೆ ಆಗಿರೋದು. ಸೇದ್ತಿದ್ರೆ ಎರಡು ಬಿಡ್ತಿದ್ದೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಲಾಂಗ್‌ಳ ಕಿವಿ ಬಿಸಿಯಾಯಿತು. ಸಿಗ್ನಲ್ ಸಿಗುವ ಕಿಟಕಿಯ ಬಳಿ ಹೋಗಿ ಕಚೇರಿಗೆ ಫೋನು ಹಚ್ಚಿದಳು. ಐದನೆಯ ಸಲಕ್ಕೆ ಯಾರೋ ಎತ್ತಿದರು.

“ಒಂದೊಂದರದ್ದೂ ಫೋಟೋ ತೆಗೆದು ಕಳಿಸ್ತೀನಿ ಸಾರ್, ನಂಬರ್ ಹಾಕಿ.”

“ಫೋಟೋ ಅಂದ್ರೆ ಫೋಟೋ ಮೇಡಂ. ನಾವು ಕೇಳಿರೋದು ವಸ್ತು.”

“ವಸ್ತುನ ವಿಮಾನಕ್ಕೆ ಹತ್ತಿಸ್ತಾ ಇಲ್ಲ ಸಾರ್.”

“ಅದು ವಿಮಾನದವರ ವಿಷಯ,” ಎಂದು ಆ ದನಿ ಫೋನಿಟ್ಟಿತು.

ತಕ್ಕಡಿಯ ಮೇಲೆ ಅಕ್ಕಿ ಮೂಟೆಯ ಸಮೇತ ನಿಂತು ತೂಕ ಹಾಕಿಸಿಕೊಳ್ಳುತ್ತಿದ್ದ ಲಿತಾದ್ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. “ಇಷ್ಟಕ್ಕೆ ಯಾಕಮ್ಮ ಅಷ್ಟು ಸಂಕಟ? ನಾವು ಹದಿನಾರು ಜನ ಹೋಗ್ತಿದೀವಿ. ತಲೆಗೆ ಎರಡೆರಡು ಹಂಚು. ನಂಗೆ ಆ ಗುಲಾಬಿ ಬಣ್ಣದ್ದು ಕೊಡು, ನನ್ನ ಮಣಿ ಟೋಪಿಗೆ ಒಪ್ಪುತ್ತೆ.”

ಇಡೀ ಹಜಾರ ಹೋ ಎಂದಿತು. ಆದರೆ ಲೆಕ್ಕ ಸರಿಯಾಗಿಯೇ ಇತ್ತಲ್ಲ! ಪಾದ್ರಿ ಅಗೋಂಗ್ ಎದ್ದು ಬಂದು ಕೈಚಾಚಿದರು. “ಕೊಡಿ ಚೆಗು. ಮಕ್ಕಳಿಂದ ಕಿತ್ತುಕೊಂಡಿದ್ದನ್ನ ಹೊತ್ಕೊಂಡು ಹೋಗೋದ್ರಲ್ಲಿ ಪಾಪ ಏನಿದೆ?”

ಬೆಳಗಿನಿಂದ ಮೊದಲ ಸಲ ಸುಲಾಂಗ್‌ಗೆ ಉಸಿರು ಹಗುರಾಯಿತು. ಡಬ್ಬಿ ಬಿಚ್ಚಿ ಹಂಚತೊಡಗಿದಳು. ಅಷ್ಟರಲ್ಲಿ ಬಲಾಂಗ್ ಕೆಮ್ಮಿ ಒಂದು ರಿಜಿಸ್ಟರು ತಂದಿಟ್ಟ.

“ಒಯ್ಯೋರೆಲ್ಲ ಇಲ್ಲಿ ಹೆಸರು ಬರೀಬೇಕು. ಪಕ್ಕದಲ್ಲಿ ‘ನನ್ನದೇ, ಸ್ವಂತ ಬಳಕೆಗೆ’ ಅಂತ ಬರೆದು ಸಹಿ ಮಾಡ್ಬೇಕು.”

“ಬಲಾಂಗ್, ನಿಂಗೆ ತಲೆ ನೆಟ್ಟಗಿದೆಯೇನೋ?”

“ನಾನು ಮಾಡಿದ ಕಾನೂನಲ್ಲ ಚೆಗು. ನಾಳೆ ಮೇಲಿನೋರು ಬಂದು ಪುಸ್ತಕ ತೆಗೆದ್ರೆ ಹೋಗೋದು ನನ್ನ ಕೆಲಸ.”

ಪಾದ್ರಿ ಪೆನ್ನು ಹಿಡಿದರು. ಹೋದ ಭಾನುವಾರವಷ್ಟೇ ಅರ್ಧ ಗಂಟೆ ಈ ಹೊಗೆಯ ಚಟದ ಮೇಲೆ ಉಪದೇಶ ಮಾಡಿದ್ದವರು. ‘ಅಗೋಂಗ್’ ಎಂದು ಬರೆದರು. ‘ನನ್ನದೇ’ ಎನ್ನುವಲ್ಲಿಗೆ ಬಂದು ಕೈ ತಡೆಯಿತು. ಮತ್ತೆ ಪೆನ್ನು ಊರಿದರು.

“ಬೇಡಿ,” ಎಂದು ಸುಲಾಂಗ್ ಪೆನ್ನು ಕಿತ್ತುಕೊಂಡಳು. “ಬೇಡಿ ಪಾದ್ರಿಗಳೇ. ಸುಳ್ಳು ಸಹಿ ಮಾಡಿದ್ದಕ್ಕೆ ಕಳೆದ ತಿಂಗಳು ಮೂವರು ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿದೀನಿ ನಾನು.”

ಹಂಚಿದ್ದನ್ನೆಲ್ಲ ವಾಪಸು ಪಡೆದಳು. ಅಜ್ಜಿ ಗುಲಾಬಿ ಬಣ್ಣದ್ದನ್ನು ಮನಸ್ಸಿಲ್ಲದೆ ಬಿಟ್ಟುಕೊಟ್ಟಳು.

ಹೊರಗೆ ವಿಮಾನ ಇಳಿದಿತ್ತು. ಮೋಡ ಕಟ್ಟುತ್ತಿದೆ, ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಪೈಲಟ್ ಹೇಳಿ ಕಳಿಸಿದ.

“ಒಂದು ದಾರಿ ಇದೆ,” ಎಂದ ಬಲಾಂಗ್. “ಇಲ್ಲೇ ನನಗೆ ಒಪ್ಪಿಸಿಬಿಡಿ. ಸೀಲು ಹಾಕಿ ರಸೀದಿ ಕೊಡ್ತೀನಿ. ಸರ್ಕಾರಿ ರಸೀದಿ, ಕಚೇರಿಯೋರು ಬೇಡ ಅನ್ನಕ್ಕಾಗಲ್ಲ.”

ಅವಳು ಒಪ್ಪಿದಳು. ಎಂಜಿನ್ನಿನ ಸದ್ದಿನಲ್ಲಿ ಅವನು ಗೀಚಿ ಕೊಟ್ಟದ್ದನ್ನು ಓದದೆ ಮಡಿಚಿ ಚೀಲಕ್ಕೆ ತುರುಕಿ ಓಡಿದಳು.

ಮರುದಿನ ಕಚೇರಿಯಲ್ಲಿ ಒಂದೂವರೆ ಗಂಟೆ ಬೆಂಚಿನ ಮೇಲೆ ಕಾದ ಮೇಲೆ, ಅವಳ ಮಗನ ವಯಸ್ಸಿನ ಅಧಿಕಾರಿಯೊಬ್ಬ ಆ ರಸೀದಿಯನ್ನು ಬಿಡಿಸಿ ಗಟ್ಟಿಯಾಗಿ ಓದಿದ: “ಪ್ರಯಾಣಿಕರ ಬಳಿ ದೊರೆತ ನಿಷಿದ್ಧ ವಸ್ತು, ಇ-ಸಿಗರೇಟು ಮೂವತ್ತೊಂದು. ಪ್ರಯಾಣಿಕರ ಹೆಸರು ಸುಲಾಂಗ್ ಯುಡಾನ್.”

ಅವನು ತಲೆಯೆತ್ತಿದ. “ಇದರ ಪ್ರಕಾರ ಇವು ನಿಮ್ಮವು ಮೇಡಂ.”

“ಮಕ್ಕಳ ಹತ್ರ ಹಿಡಿದಿದ್ದು! ಯಾವುದು ಯಾರ ಹತ್ರ ಸಿಕ್ತು ಅಂತ ಶಾಲೆ ಕಳಿಸಿದ ಪಟ್ಟಿ ನಿಮ್ಮ ಮುಂದೇನೇ ಇದೆಯಲ್ಲ.”

“ಪಟ್ಟಿ ಇದೆ, ವಸ್ತು ಇಲ್ಲ. ವಸ್ತು ಇರೋ ಕಾಗದದಲ್ಲಿ ನಿಮ್ಮ ಹೆಸರಿದೆ. ಒಂದು ವಿವರಣೆ ಬರೆದುಕೊಡಿ.”

ಸುಲಾಂಗ್ ನಿಂತಲ್ಲೇ ಮೇಜಿಗೆ ಬಗ್ಗಿ, ಬೋರ್ಡಿನ ಮೇಲೆ ಬರೆಯುವಂಥ ದುಂಡು ಅಕ್ಷರದಲ್ಲಿ ಒಂದೇ ಸಾಲು ಬರೆದಳು: ತರಲು ಹೇಳಿದಿರಿ, ತರಲು ಬಿಡಲಿಲ್ಲ.

“ಇಷ್ಟೇ ಆದ್ರೆ ಹೇಗೆ ಮೇಡಂ? ಸ್ವಲ್ಪ ವಿವರವಾಗಿ...”

“ಇನ್ನೂ ಬರೆದ್ರೆ ನನ್ನ ಸಿಟ್ಟು ಬರೆಯುತ್ತೆ. ಅದು ಬೇಡ,” ಎಂದು ಚೀಲ ಎತ್ತಿಕೊಂಡಳು. ವಾಪಸು ವಿಮಾನ ಸೋಮವಾರ. ಅಲ್ಲಿಯತನಕ ಪಟ್ಟಣದಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದಳು.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ವಿವರಣೆಯನ್ನು ಗಮನಿಸಲಾಗಿದೆ, ಇನ್ನು ಮುಂದೆ ಇಂಥ ವಸ್ತುಗಳನ್ನು ಇಟ್ಟುಕೊಂಡು ಪ್ರಯಾಣಿಸಬಾರದೆಂದು ಎಚ್ಚರಿಸಲಾಗಿದೆ. ಸುಲಾಂಗ್ ಅದನ್ನು ಹೆಡ್ಮಾಸ್ತರರ ಮೇಜಿನ ಮೇಲಿಟ್ಟಳು.

“ಶಿಸ್ತಿನ ಕೆಲಸ ಇನ್ಯಾರಿಗಾದ್ರೂ ಕೊಡಿ ಸಾರ್.”

ಅವರು ಓದಿ ಕನ್ನಡಕ ತೆಗೆದರು. “ಯಾರಿಗೆ ಕೊಡ್ಲಿ ಹೇಳಿ ಚೆಗು. ಉಳಿದ ಇಬ್ಬರು ಮೇಷ್ಟ್ರುಗಳೂ ಅದನ್ನೇ ಸೇದೋರು.”

ಗಂಟೆ ಹೊಡೆಯಿತು. ಸುಲಾಂಗ್ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದಳು.