ಚುಕ್ಕೆ ಸರತಿ

"ಸಹಿ ಹಾಕೋ ಬೋಳಿಮಗನೆ. ನಿಮ್ಮಪ್ಪನ ಆಸ್ತಿ ಬರ್ಕೊಡು ಅಂತ ಕೇಳ್ತಿಲ್ಲ ನಾನು."

ಧಣಿ ಎಸೆದ ಲಕೋಟೆ ಅವನ ಎದೆಗೆ ಬಡಿದು, ವ್ಯಾನಿನ ಕೆಳಗೆ ನಿಂತಿದ್ದ ಕೊಚ್ಚೆ ನೀರಿಗೆ ಬಿತ್ತು. ಬೆಳಗಿನ ಟ್ರಿಪ್ಪು ಮುಗಿಸಿ ಬಂದು ಅವನು ಆಗಷ್ಟೇ ಚಕ್ರದ ಸಂದಿಗೆ ನೀರಿನ ಪೈಪು ಹಿಡಿದಿದ್ದ. ಪೈಪು ಬಿಟ್ಟು, ಬಗ್ಗಿ, ಲಕೋಟೆ ಎತ್ತಿ ಅಂಗಿಗೆ ಒರೆಸಿಕೊಂಡ. ಹಾಗೆ ತಟ್ಟನೆ ಬಗ್ಗಿದ್ದಕ್ಕೆ ಅವನಿಗೆ ಅವನ ಮೇಲೇ ಸಿಟ್ಟು ಬಂತು. ಹತ್ತು ವರ್ಷ ಕ್ಲೀನರು, ಹನ್ನೆರಡು ವರ್ಷ ಡ್ರೈವರು. ಬೆನ್ನಿಗೆ ಅದೇ ಅಭ್ಯಾಸವಾಗಿ ಹೋಗಿತ್ತು.

ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಅರವತ್ತು ಅಂತ ಕರೆಯುತ್ತಿದ್ದರು. ವಯಸ್ಸಿಗಲ್ಲ, ವಯಸ್ಸಿನ್ನೂ ಐವತ್ತು ದಾಟಿರಲಿಲ್ಲ. ಜನ ಕೂರಿಸಿಕೊಂಡ ವ್ಯಾನು ಗಂಟೆಗೆ ಅರವತ್ತು ಕಿಲೋಮೀಟರು ಮೀರಬಾರದು ಅನ್ನುವುದು ಕಾನೂನು. ಅವನ ಮುಳ್ಳು ಅರವತ್ತೊಂದಕ್ಕೆ ಹೋದದ್ದನ್ನು ಕಂಡವರಿಲ್ಲ. ಅಂಥವನ ಲೈಸೆನ್ಸಿನ ಮೇಲೆ ಒಂಬತ್ತು ಚುಕ್ಕೆ ಕೂತಿದ್ದವು. ಕ್ಯಾಮೆರಾಕ್ಕೆ ಒಂದು ಸಲ ಸಿಕ್ಕರೆ ಮೂರು ಚುಕ್ಕೆ, ಹನ್ನೆರಡಾದರೆ ಲೈಸೆನ್ಸು ರದ್ದು.

ಒಂಬತ್ತರಲ್ಲಿ ಒಂದೂ ಅವನದಲ್ಲ. ಕಂಬದ ಮೇಲಿನ ಕ್ಯಾಮೆರಾ ಹಿಡಿಯುವುದು ವ್ಯಾನಿನ ನಂಬರನ್ನು. ಕಾಗದ ಬರುವುದು ಧಣಿಯ ವಿಳಾಸಕ್ಕೆ: ಆ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರು, ಹೆಸರು ಬರೆದು ಸಹಿ ಮಾಡಿಸಿ ಕಳಿಸಿ. ಆರು ವರ್ಷದ ಹಿಂದೆ ಕೆಮ್ಮಣ್ಣ, ಅಂದರೆ ಶೆಡ್ಡಿನ ಹಿರಿಯ ಡ್ರೈವರು, ಹೆರಿಗೆ ನೋವು ತಿನ್ನುತ್ತಿದ್ದ ಮಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಎಂಬತ್ತರಲ್ಲಿ ಓಡಿಸಿ ಸಿಕ್ಕಿಬಿದ್ದಿದ್ದ. ಅವನ ಲೈಸೆನ್ಸಿನಲ್ಲಿ ಜಾಗವಿರಲಿಲ್ಲ. "ನನ್ನ ಹೆಸರು ಬರೀರಿ, ನಂದು ಖಾಲಿ ಇದೆ" ಅಂದವನು ಅರವತ್ತು. ಅವತ್ತಿನಿಂದ ಅದೇ ಪದ್ಧತಿ. ಯಾರ ಲೈಸೆನ್ಸಿನಲ್ಲಿ ಜಾಗ ಇದೆಯೋ ಅವರು ಇನ್ನೊಬ್ಬರ ಚುಕ್ಕೆ ಹೊರುವುದು. ಸರತಿ ಅಂತ ಹೆಸರಿಟ್ಟವನೂ ಅವನೇ. ಒಬ್ಬರ ಹೊಟ್ಟೆ ಇನ್ನೊಬ್ಬರು ಕಾಯುತ್ತಿದ್ದೇವೆ ಅಂದುಕೊಂಡಿದ್ದರು ಪಾಪದವರು. ಧಣಿ ಕಾದು ನೋಡಿದ. ಲೈಸೆನ್ಸುಗಳು ಉಳಿಯುತ್ತಿವೆ ಅಂತ ಗೊತ್ತಾದ ಕೂಡಲೇ ದಿನಕ್ಕೆ ಒಂದು ಟ್ರಿಪ್ಪು ಹೆಚ್ಚಿಸಿದ. ಆಮೇಲೆ ತನ್ನ ಮನೆಯವರ ಕಾಗದಗಳನ್ನೂ ಸರತಿಗೆ ತಂದು ಹಾಕಿದ.

ಅರವತ್ತು ಲಕೋಟೆಯ ಮೇಲಿದ್ದ ವ್ಯಾನಿನ ನಂಬರು, ತಾರೀಕು ಓದಿದ. "ಧಣಿ, ಇದು ಏಳನೇ ನಂಬರ್ ವ್ಯಾನು. ಮೂರನೇ ತಾರೀಕು ನಾನು ಅದನ್ನ ಮುಟ್ಟೇ ಇಲ್ಲ."

"ಮುಂಚೆ ಮೂರು ಸಲ ಸಹಿ ಹಾಕ್ದೆಯಲ್ಲ, ಆವಾಗ ಮುಟ್ಟಿದ್ದೆಯೇನೋ? ನಾಲ್ಕನೇ ಸಲಕ್ಕೆ ಕೈ ಬಿದ್ದು ಹೋಯ್ತಾ?"

"ಯಾರು ಓಡ್ಸಿದ್ದು?"

"ನನ್ನ ಭಾವಮೈದ. ಏನೀಗ? ಅವನೇನು ಚುಕ್ಕೆ ಹೊತ್ಕೊಂಡು ತಿರುಗೋ ಜಾತಿನಾ?" ಧಣಿ ಹಲ್ಲಿನ ಸಂದಿಯಲ್ಲಿದ್ದದ್ದನ್ನು ನಾಲಿಗೆಯಲ್ಲಿ ತೆಗೆದು ಉಗಿದ. "ಲೈಸೆನ್ಸ್ ಹೋದ್ರೆ ಹೋಗ್ಲಿ. ಶೆಡ್ಡಲ್ಲಿ ವ್ಯಾನು ತೊಳ್ಕೊಂಡಿರು. ತೊಳೆಯೋದು ನಿನ್ನ ರಕ್ತದಲ್ಲೇ ಇದೆ."

ಸುತ್ತ ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ ಟಯರು ಒದ್ದು ನೋಡಿದ, ಇನ್ನೊಬ್ಬ ಕನ್ನಡಿ ಒರೆಸತೊಡಗಿದ. ಕೆಮ್ಮಣ್ಣ ಕೆಮ್ಮುತ್ತಾ ಹತ್ತಿರ ಬಂದ. "ಹಾಕ್ಬಿಡೋ ತಮ್ಮಾ. ರಂಪ ಮಾಡಿದ್ರೆ ಹಳೇದೆಲ್ಲ ಕೆದಕ್ತಾರೆ. ನನ್ನ ವಯಸ್ಸಿಗೆ ಜೈಲು ತಡ್ಕೊಳೋಕಾಗಲ್ಲ."

ಲಕೋಟೆಯ ಮೇಲಿದ್ದ ಕೇಸಿನ ನಂಬರನ್ನು ಅರವತ್ತು ಅಂಗೈಯಲ್ಲಿ ಬರೆದುಕೊಂಡ. "ನಾಳೆ ಹೇಳ್ತೀನಿ ಧಣಿ" ಅಂದ. ಧಣಿ ಲಕೋಟೆ ಕಿತ್ತುಕೊಂಡು, ಅದರಲ್ಲೇ ಅವನ ಕೆನ್ನೆಗೆ ಎರಡು ಸಲ ಮೆತ್ತಗೆ ತಟ್ಟಿ ಹೋದ. ಹೊಡೆದಿದ್ದರೇ ವಾಸಿಯಿತ್ತು.

ಮೂರನೇ ತಾರೀಕನ್ನು ಅವನು ಮರೆಯುವಂತಿರಲಿಲ್ಲ. ಅವನ ವ್ಯಾನಿನಲ್ಲಿ ಬಟ್ಟೆ ಕಾರ್ಖಾನೆಯ ಹದಿನಾಲ್ಕು ಹೆಂಗಸರು ಬರುತ್ತಿದ್ದರು, ಅವನ ಹೆಂಡತಿಯೂ ಸೇರಿ. ಎಂಟಕ್ಕೆ ಸರಿಯಾಗಿ ಗೇಟು ಮುಚ್ಚುತ್ತದೆ, ಒಂದು ನಿಮಿಷ ತಡವಾದರೂ ಅರ್ಧ ದಿನದ ಹಾಜರಿ ಕಟ್. ಅರವತ್ತರಲ್ಲಿ ಹೋದರೆ ವಾರಕ್ಕೆ ಎರಡು ದಿನವಾದರೂ ಗೇಟಿನ ಹೊರಗೆ ನಿಲ್ಲಬೇಕು. ಹೀಗಾಗಿ ಅವರು ಅವನಿಗೆ ಬಯ್ಯದ ದಿನವಿಲ್ಲ. ಎಲ್ಲರಿಗಿಂತ ಜೋರು ಬಾಯಿ ಕೆಂಪು ಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಪಕ್ಕ ಕೂರುತ್ತಿದ್ದ ಗುಂಡಿಯಕ್ಕನದು. ಅಂಗಿಗೆ ಗುಂಡಿ ಹಾಕುವ ಕೆಲಸ ಅವಳದು. "ಒತ್ತೋ ಮಾರಾಯ, ಆ ಪೆಡಲ್ ಏನು ನಿನ್ನ ಹೆಂಡ್ತಿ ಪಾದಾನಾ, ಅಷ್ಟು ಮೆತ್ತಗೆ ಮುಟ್ತೀಯ" ಅನ್ನುವಳು. ಅವನ ಹೆಂಡತಿಯೇ ಮುಸಿಮುಸಿ ನಗುವಳು.

ಮೂರನೇ ತಾರೀಕು ಸಂಜೆ ಸೂಪರ್‌ವೈಸರು ಗುಂಡಿಯಕ್ಕನ ಕೈಲಿ ನಲವತ್ತು ಅಂಗಿಯ ಗುಂಡಿ ಬಿಚ್ಚಿಸಿ ಮತ್ತೆ ಹಾಕಿಸಿದ್ದ. ಮುಂದಿನ ಟ್ರಿಪ್ಪಿನ ಹೊತ್ತಾಗಿತ್ತು. ಅರವತ್ತು ಐದು ನಿಮಿಷ ಕಾದು, ಧಣಿಯ ಫೋನು ಬಂದಮೇಲೆ ಅವಳನ್ನು ಬಿಟ್ಟು ಹೊರಟಿದ್ದ. ಅವಳು ನಡೆದು ಹೊರಟಳು. ಏಳೂವರೆಗೆ ಗೋದಾಮಿನ ತಿರುವಿನ ಚರಂಡಿಯಲ್ಲಿ ಸಿಕ್ಕಳು, ಎರಡು ದಿನ ನರಳಿ ಸತ್ತಳು. ಗುದ್ದಿದ ಗಾಡಿ ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ಬಾಗಿಲ ಪಕ್ಕದ ಅವಳ ಸೀಟಿನಲ್ಲಿ ಇನ್ನೂ ಯಾರೂ ಕೂತಿರಲಿಲ್ಲ. ಆ ಐದು ನಿಮಿಷ ಹತ್ತಾಗಿದ್ದರೆ ಅಂತ ಅವನಿಗೆ ದಿನಾ ಅನ್ನಿಸುತ್ತಿತ್ತು.

ಮಧ್ಯಾಹ್ನ ಅವನು ದಂಡದ ಕಚೇರಿಗೆ ಹೋಗಿ ಕಿಟಕಿಯ ಮುಂದೆ ನಿಂತ. ಒಳಗಿದ್ದ ಗುಮಾಸ್ತ ತಲೆ ಎತ್ತಲಿಲ್ಲ.

"ನಾನು ಓಡ್ಸಿದ್ದಲ್ಲ ಸಾರ್. ಒಂದ್ಸಲ ಫೋಟೋ ತೋರ್ಸಿ."

"ಎಲ್ಲ ಸೂಳೆಮಕ್ಳೂ ಇದನ್ನೇ ಹೇಳೋದು." ಆದರೂ ಅಂಗೈಯ ನಂಬರು ಒತ್ತಿ ಪರದೆಯನ್ನು ಇವನ ಕಡೆ ತಿರುಗಿಸಿದ.

ಮೂರನೇ ತಾರೀಕು, ಸಂಜೆ ಏಳು ಹನ್ನೆರಡು, ಗೋದಾಮಿನ ತಿರುವು, ವೇಗ ನೂರ ಹದಿನೆಂಟು. ಗಾಜಿನ ಹಿಂದೆ ಧಣಿಯ ಭಾವಮೈದನ ಮುಖ ಸ್ಪಷ್ಟವಾಗಿತ್ತು. ಒಂದು ಕೈಯಲ್ಲಿ ಫೋನು, ಕಣ್ಣು ಫೋನಿನ ಮೇಲೆ. ಚಿತ್ರದ ಬಲ ಅಂಚಿನಲ್ಲಿ, ವ್ಯಾನಿಗಿಂತ ನಾಲ್ಕು ಮಾರು ಮುಂದೆ, ಕೆಂಪು ಚೀಲ ಹಿಡಿದ ಹೆಂಗಸೊಬ್ಬಳು ಕ್ಯಾಮೆರಾದ ಕಡೆ ನಡೆದು ಬರುತ್ತಿದ್ದಳು. ಬಾಯಲ್ಲಿ ಏನೋ ಅಗಿಯುತ್ತಿದ್ದಳು. ಬೆನ್ನ ಹಿಂದೆ ಏನು ಬರುತ್ತಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಏಳನೇ ನಂಬರಿನ ಎಡಗಡೆ ದೀಪ ನಾಲ್ಕನೇ ತಾರೀಕು ಹೊಸದಾಗಿದ್ದುದು ಅವನಿಗೆ ಈಗ ನೆನಪಾಯಿತು. ಆ ದೀಪದ ಮೇಲಿನ ಧೂಳು ಒರೆಸಿದವನೂ ಅವನೇ.

"ಸಾರ್, ಆ ಮೂಲೇಲಿ ಇರೋಳು... ಅವಳು ಸತ್ತೋದ್ಲು."

"ನಮಗೆ ಬೇಕಾದ್ದು ನಂಬರ್ ಪ್ಲೇಟು. ಮೂಲೇಲಿ ನಾಯಿನೂ ಇರುತ್ತೆ, ನರಿನೂ ಇರುತ್ತೆ." ಗುಮಾಸ್ತ ಕೀಲಿಮಣೆ ಕುಟ್ಟಿದ. "ನಿನ್ನ ಹೆಸರಲ್ಲಿ ಹಳೇವು ಮೂರಿವೆ. ಅವನ್ನಾದ್ರೂ ನೀನೇ ಓಡ್ಸಿದ್ದಾ?"

ಅರವತ್ತು ಅಂಗೈ ಮುಚ್ಚಿಕೊಂಡ.

"ಬಾರೋ ಇಲ್ಲಿ, ಸತ್ಯವಂತ ಬಂದಿದ್ದಾನೆ ನೋಡು" ಅಂತ ಗುಮಾಸ್ತ ಪಕ್ಕದ ಮೇಜಿನವನನ್ನು ಕರೆದ. ಇಬ್ಬರೂ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಸುಳ್ಳು ಸಹಿಗೆ ಏನು ಶಿಕ್ಷೆ ಗೊತ್ತೇನೋ? ಇದೊಂದು ನಿನ್ನದಲ್ಲ ಅಂದ್ರೆ ಅವು ಮೂರೂ ಹೊರಗೆ ಬರ್ತವೆ. ಯಾರದು, ಯಾಕೆ ಹಾಕ್ದೆ, ಎಲ್ಲ. ಸುಮ್ನೆ ಹೋಗು. ನಿನ್ನಂಥೋರಿಗೆ ಸುಳ್ಳೇ ಕ್ಷೇಮ."

ಅವನು ಹೋದ. ಹೆಂಡತಿಗೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಹೆಂಗಸರನ್ನು ಹತ್ತಿಸಿಕೊಂಡು ಹೊರಟವನು, ಮೊದಲ ಕ್ಯಾಮೆರಾ ಕಂಬಕ್ಕೆ ಸ್ವಲ್ಪ ಮುಂಚೆ ವ್ಯಾನನ್ನು ರಸ್ತೆಯ ಅಂಚಿಗೆ ಎಳೆದು ಎಂಜಿನ್ ಆರಿಸಿದ.

"ಯಾಕೋ? ಅರವತ್ತೂ ಜಾಸ್ತಿ ಆಯ್ತಾ ಇವತ್ತು?" ಅಂದಳು ಕಾಲರು ಹೊಲಿಯುವವಳು. ದಪ್ಪ ಹೆಂಗಸು, ಗುಂಡಿಯಕ್ಕನ ಪಕ್ಕದ ಮನೆಯವಳು.

ಅವನು ಸೀಟಿನಿಂದ ಎದ್ದು ಅವರ ಕಡೆ ತಿರುಗಿ ನಿಂತ. ಲಕೋಟೆ, ಫೋಟೋ, ಭಾವಮೈದ, ಕೆಂಪು ಚೀಲ, ತನ್ನ ಹಳೆಯ ಸುಳ್ಳು ಸಹಿ, ಎಲ್ಲ ಹೇಳಿದ. ಹೇಳುತ್ತಾ ಅವನ ಕಣ್ಣು ಬಾಗಿಲ ಸೀಟಿನ ಮೇಲೇ ಇತ್ತು. "ಆ ನೂರ ಹದಿನೆಂಟು ನಂದು ಅಂತ ಬರ್ಕೊಡ್ಬೇಕಂತೆ. ಬರ್ಕೊಟ್ರೆ ಗುಂಡಿಯಕ್ಕನ್ನ ಕೊಂದೋನು ನಾನಾಗ್ತೀನಿ."

ಕಾಲರಿನವಳು ಎದ್ದು ಬಂದು ಅವನ ಅಂಗಿ ಹಿಡಿದಳು. "ನಿಜ ಹೇಳೋ ಮುಂಡೇದೆ. ನೀನೇ ಗುದ್ದಿದ್ದಾ?"

ಅವಳು ಅವನ ಮುಖ ನೋಡುತ್ತಾ ನಿಂತಳು. ಆಮೇಲೆ ಅಂಗಿ ಬಿಟ್ಟಳು. "ಇವನಾ? ಇವನು ನೂರ ಹದಿನೆಂಟು ಓಡ್ಸೋ ಗಂಡಾಗಿದ್ರೆ ನಾವು ಯಾಕೆ ಗೇಟಿನ ಹೊರಗೆ ನಿಂತು ಸಾಯ್ತಿದ್ವಿ?" ಅಂದು ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು.

"ಆಫೀಸಿಗೆ ನಡಿ" ಅಂದಳು ಅವನ ಹೆಂಡತಿ ಹಿಂದಿನ ಸೀಟಿನಿಂದ. "ನಮಗೆ ತೋರಿಸ್ಲಿ ಆ ಫೋಟೋನ."

"ಗೇಟು ಮುಚ್ಚುತ್ತೆ ಕಣ್ರೇ" ಅಂತ ಒಬ್ಬಳು ಇಳಿದು ಕಾರ್ಖಾನೆಯ ಕಡೆ ಓಡಿದಳು. ಮನೆಯಲ್ಲಿ ಮಲಗಿದಲ್ಲೇ ಇರುವ ಗಂಡ ಅವಳಿಗೆ. ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಉಳಿದ ಹನ್ನೆರಡು ಜನ ಕಚೇರಿಯ ಮೆಟ್ಟಿಲ ಮೇಲೆ, ಬಾಗಿಲು ತೆರೆಯುವ ಹತ್ತು ಗಂಟೆಯವರೆಗೆ ಕೂತರು.

ಗುಮಾಸ್ತ ಹೆಂಗಸರ ಗುಂಪು ನೋಡಿ ಕಿಟಕಿಯನ್ನು ಅರ್ಧ ಮುಚ್ಚಿದ. ನಂಬರು ಒತ್ತಿದ. ಪರದೆಯ ಮೇಲೆ ಚಿತ್ರವಿದ್ದ ಜಾಗ ಬೆಳ್ಳಗಿತ್ತು.

"ಫೈಲ್ ಮುಗೀತು. ನಿನ್ನೆ ಸಂಜೆ ಐದಕ್ಕೆ ಫಾರಂ ಬಂದಿದೆ. ಒಪ್ಕೊಂಡ್ಮೇಲೆ ಫೋಟೋ ಇರಲ್ಲ."

"ನಾನು ಸಹಿ ಹಾಕಿಲ್ಲ ಸಾರ್."

ಗುಮಾಸ್ತ ಒಂದು ಹಾಳೆ ತಿರುಗಿಸಿ ತೋರಿಸಿದ. ಅವನದೇ ಸಹಿ. ಕೊನೆಯ ಅಕ್ಷರದ ಕೆಳಗೆ ಅವನು ಎಳೆಯುವ ಗೀಟೂ ಇತ್ತು. ಮೂರು ಸಲ ನೋಡಿದವರಿಗೆ ನಾಲ್ಕನೆಯದು ಬರೆಯುವುದು ಯಾವ ಮಹಾ ಕಷ್ಟ.

"ನಿನ್ನೆ ನೀವೇ ತೋರ್ಸಿದ್ರಲ್ಲ. ಮುಖ ನೋಡಿದ್ರಲ್ಲ."

"ದಿನಕ್ಕೆ ಎರಡು ಸಾವಿರ ಮುಖ ನೋಡ್ತೀನಿ. ನೆನಪಿಟ್ಕೊಳ್ಳೋಕೆ ನನಗೆ ಸಂಬಳ ಕೊಡಲ್ಲ."

ಅರವತ್ತು ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈ ಊರಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಿತ್ತು. "ಬರ್ಕೊಳ್ಳಿ. ಹಳೇ ಮೂರೂ ಸುಳ್ಳು ಸಹಿ. ಹಾಕಿದ್ದು ನಾನೇ. ಯಾರಿಗೋಸ್ಕರ ಅಂತ ಸಾಯ್ಸಿದ್ರೂ ಹೇಳಲ್ಲ. ನಾಲ್ಕನೇದು ನಂದಲ್ಲ. ಅದು ಧಣಿ ಭಾವಮೈದಂದು."

ಗುಮಾಸ್ತನಿಗೆ ಈಗ ಹುರುಪು ಬಂತು. ಹಾಳೆ ತೆಗೆದ, ಪೆನ್ನು ತೆಗೆದ, ಫೋನೆತ್ತಿ ಪೊಲೀಸರನ್ನು ಕರೆದ. ಸರಸರ ಬರೆದ. "ಮೂರಕ್ಕೆ ನೀನೇ ಸಾಕ್ಷಿ, ಆಯ್ತು. ನಾಲ್ಕನೇದಕ್ಕೆ ಸಾಕ್ಷಿ ಎಲ್ಲಿ? ಅದನ್ನ ಬರ್ಯೋಕಾಗಲ್ಲ."

"ನಾನಿದ್ದೀನಿ" ಅಂತ ಅವನ ಹೆಂಡತಿ ಅರ್ಧ ಮುಚ್ಚಿದ ಕಿಟಕಿಯನ್ನು ಪೂರ್ತಿ ತಳ್ಳಿ ತೆರೆದಳು. "ನಿನ್ನೆ ಇವರ ಜೊತೆ ನಾನೂ ಬಂದಿದ್ದೆ. ಫೋಟೋ ನೋಡ್ದೆ. ಅವಳ ಕೈಲಿ ಕೆಂಪು ಚೀಲ ಇತ್ತು."

"ನೀನೆಲ್ಲಿ ಬಂದಿದ್ಯೇ? ಇವನೊಬ್ಬನೇ ಇದ್ದ."

"ದಿನಕ್ಕೆ ಎರಡು ಸಾವಿರ ಮುಖ ನೋಡ್ತೀರಂತಲ್ಲ. ನನ್ನ ಮುಖ ಮರ್ತಿದ್ದೀರ. ಬರ್ಕೊಳ್ಳಿ."

"ನಾನೂ ಬಂದಿದ್ದೆ" ಅಂದಳು ಕಾಲರಿನವಳು ಮೊಣಕೈಯಿಂದ ಜಾಗ ಮಾಡಿಕೊಂಡು. "ಆ ಲೋಫರ್ ಕೈಲಿ ಫೋನ್ ಇತ್ತು. ಗುಂಡಿಯಕ್ಕ ಬಾಯಲ್ಲಿ ಏನೋ ಅಗೀತಿದ್ಲು."

"ಸುಳ್ಳು ಸಾಕ್ಷಿ ಹೇಳಿದ್ರೆ ಎಲ್ರನ್ನೂ ಒಳಗೆ ಹಾಕ್ತಾರೆ."

"ಹಾಕ್ಲಿ. ಹನ್ನೆರಡು ಜನಕ್ಕೆ ಜಾಗ ಇದ್ಯಾ ಕೇಳಿ ಅವರನ್ನ."

ಅರವತ್ತಿಗೆ ಬೇಡ ಅನ್ನಬೇಕು ಅನ್ನಿಸಿತು. ಸುಳ್ಳು ಸಹಿಯ ರುಚಿ ಅವನಿಗೆ ಗೊತ್ತಿತ್ತು, ಅದು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅನ್ನುವುದೂ ಗೊತ್ತಿತ್ತು. ಆದರೆ ಅವರು ಅವನ ಕಡೆ ನೋಡಲೇ ಇಲ್ಲ. ಕಿಟಕಿಯ ಮುಂದೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು.

ಇಬ್ಬರು ಪೊಲೀಸರು ಬಂದರು. ಒಬ್ಬ ಅವನ ರಟ್ಟೆ ಹಿಡಿದ, ಇನ್ನೊಬ್ಬ ಯಾಕೆಂದು ಕೇಳುವ ಮುಂಚೆಯೇ ಕತ್ತಿನ ಹಿಂದಕ್ಕೆ ಒಂದು ಬಾರಿಸಿದ. ಮೆಟ್ಟಿಲ ಮೇಲೆ ಅವನ ಒಂದು ಚಪ್ಪಲಿ ಜಾರಿತು, ಹಾಕಿಕೊಳ್ಳಲು ಬಿಡಲಿಲ್ಲ. "ಆ ಮೂರು ಯಾರದು ಹೇಳ್ಬಿಡು, ಇಲ್ಲೇ ಬಿಟ್ಟು ಹೋಗ್ತೀವಿ" ಅಂದ ಒಬ್ಬ. ಅವನು ಬಾಯಿ ಬಿಡಲಿಲ್ಲ. ಕತ್ತಿಗೆ ಇನ್ನೊಂದು ಬಿತ್ತು.

ಒಳಗಿನಿಂದ ಸಾಲಿನ ಐದನೆಯವಳ ದನಿ ಕೇಳಿಸುತ್ತಿತ್ತು. "ಇಷ್ಟು ಹತ್ರದಿಂದ ನೋಡ್ದೆ ಸ್ವಾಮಿ. ತಿರುಗಿ ನೋಡೋಕೂ ಅವಳಿಗೆ ಹೊತ್ತಿರ್ಲಿಲ್ಲ."