ಎರಡು ಮದುವೆಯ ಸೋದರಮಾವ

ನಮ್ಮ ಮನೆತನದಲ್ಲಿ ಮದುವೆಯ ಬಾಸಿಂಗವನ್ನು ಸೋದರಮಾವನೇ ತರಬೇಕು, ಅವನೇ ಹಣೆಗೆ ಕಟ್ಟಬೇಕು. ಅದಾಗದೆ ಅಕ್ಕಿಕಾಳು ಬೀಳುವುದಿಲ್ಲ. ಆ ಹೊತ್ತಿನಲ್ಲಿ ಹಂದರದಲ್ಲಿ ಮದುಮಗನಿಗಿಂತ ಹೆಚ್ಚು ಬಿಂಕ ಮಾವನದೇ ಇರುತ್ತದೆ. ನನಗಂತೂ ಅದು ಒಂದು ಕೈ ಹೆಚ್ಚೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಂಡು ಏನು ಬಂತು, ಅದು ಬೇರೆ ಮಾತು.

ಅದು ೧೯೯೮ರ ಮೇ ತಿಂಗಳು. ಕಿತ್ತೂರಿನ ಸೋಮವ್ವ ನನ್ನ ಕಾಕಾನ ಮಗಳು. ಅವಳಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಅವಳ ಮಗ ಅಪ್ಪುವಿನ ಮದುವೆಗೆ ನಾನೇ ಸೋದರಮಾವ ಎಂದು ಮೂರು ತಿಂಗಳ ಮೊದಲೇ ಮಾತಾಗಿತ್ತು. ಲಗ್ನಪತ್ರಿಕೆಯಲ್ಲಿ ‘ನಿಜಗುಣಪ್ಪ, ಸಂಪಗಾಂವ’ ಎಂದು ದಪ್ಪ ಅಕ್ಷರದಲ್ಲಿ ಹೆಸರು ಅಚ್ಚಾಗಿತ್ತು. ಆ ಪತ್ರಿಕೆಯನ್ನು ನಾನು ಬಂದವರಿಗೆಲ್ಲ ತೋರಿಸಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಸ್ವಂತ ತಂಗಿ ವಿಜಯ ನಮ್ಮ ಮನೆಯ ಹೊಸ್ತಿಲು ತುಳಿದಳು, ಆರು ವರ್ಷದ ಮೇಲೆ. ಅವಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೆವು. ಅವಳ ಮಗಳು ಮಧು ಮೆಟ್ರಿಕ್ ಮುಗಿಸಿದ ವರ್ಷ ವಿಜಯ ಬಂದು, ಇವಳನ್ನು ನಿನ್ನ ಮಗನಿಗೇ ತಂದುಕೋ ಎಂದು ಬಾಯಿಬಿಟ್ಟು ಕೇಳಿದ್ದಳು. ಅಣ್ಣನ ಮಗನಿಗೆ ತಂಗಿಯ ಮಗಳು ನಮ್ಮಲ್ಲಿ ಹಕ್ಕಿನ ಮಾತು. ನಾನು ಹತ್ತು ಮಂದಿಯ ಎದುರಿಗೆ, ಹೊರಗಿನ ಸಂಬಂಧ ನೋಡಿದ್ದೇನೆ ಎಂದುಬಿಟ್ಟೆ. ಅವಳು ಅಂದೇ ಬಸ್ಸು ಹತ್ತಿ ಹೋದವಳು ಪಂಚಮಿಗೂ ಬರಲಿಲ್ಲ. ಪಂಚಮಿಗೆ ತಂಗಿಯನ್ನು ಕರೆತರಬೇಕಾದವನು ನಾನು, ನಾನೂ ಹೋಗಲಿಲ್ಲ. ನಮ್ಮ ಕಡೆಯ ಯಾವ ಸುದ್ದಿಯೂ ಅವಳಿಗೆ ಮುಟ್ಟುತ್ತಿರಲಿಲ್ಲ.

ಅಂಥವಳು ಬಂದು ನನ್ನ ಕೈಯಲ್ಲಿ ಮಧುವಿನ ಲಗ್ನಪತ್ರಿಕೆ ಇಟ್ಟಳು.

“ಅಣ್ಣಾ, ಆದದ್ದು ಆಗಿ ಹೋತು. ನೀ ಬಂದು ಮಧುಗ ಬಾಸಿಂಗ ಕಟ್ಟಬೇಕು. ಬೀಗರು ದೊಡ್ಡ ಮಂದಿ. ‘ಏನವಾ, ನಿನಗ ತವರುಮನಿ ಐತೋ ಇಲ್ಲೋ’ ಅಂತ ಎರಡು ಸಲ ಕೇಳ್ಯಾರ. ನೀ ನಿಂತ್ರ ನನಗ ಅಷ್ಟ ಸಾಕು.”

ಪತ್ರಿಕೆ ನೋಡಿದೆ. ಅಪ್ಪುವಿನ ಮದುವೆಯ ಶುಕ್ರವಾರವೇ. ಹೇಳಬೇಕಿತ್ತು. ಆರು ವರ್ಷದ ಮೇಲೆ ತಾನಾಗಿ ಬಂದು ಎದುರಿಗೆ ಕುಳಿತ ತಂಗಿಗೆ ಹೇಗೆ ಹೇಳಲಿ? “ಬರತೇನಿ, ನಾ ಬರದ ಇನ್ಯಾರು ಬರತಾರ” ಎಂದೆ. ಅವಳು ಸೆರಗು ಬಾಯಿಗೆ ಹಿಡಿದು ಅತ್ತಳು. ಎರಡು ಕಡೆ ಬೇಕಾದ ಮನುಷ್ಯ ಎಂದು ಒಳಗೊಳಗೆ ಹಿಗ್ಗಿದ್ದೂ ಸುಳ್ಳಲ್ಲ.

ಅವಳು ಹೋದ ಮೇಲೆ ನನ್ನ ಹೆಂಡತಿ ನನ್ನನ್ನು ಬಿಡಲಿಲ್ಲ.

“ಒಬ್ಬ ಮನಷ್ಯಾ ಎರಡು ಹಂದರದಾಗ ಹೆಂಗ ನಿಲ್ಲತೀರಿ? ಸೋಮವ್ವಗ ಇದ್ದದ್ದು ಹೇಳ್ರಿ. ಅಕಿ ಬ್ಯಾರೆ ಯಾರನ್ನರ ನೋಡಿಕೊಳ್ತಾಳ.”

“ಪತ್ರಿಕಾದಾಗ ಹೆಸರು ಅಚ್ಚಾಗೇತಿ. ಕಿತ್ತೂರಾಗ ಒಂಬತ್ತೂವರಿಗೆ, ರಾಮದುರ್ಗದಾಗ ಒಂದಕ್ಕ. ಶಟ್ಟೆಪ್ಪನ ಜೀಪ್ ಹೇಳೇನಿ. ಮೂರು ತಾಸಿನ ಹಾದಿ ಅದು, ಅಮೇರಿಕಾ ಏನಲ್ಲ.”

“ಹಂಗಾದ್ರ ಮಧುನ ಬಾಸಿಂಗರ ನನ್ನ ಕೈಯಾಗ ಕೊಡ್ರಿ. ನಾ ಗುರುವಾರನ ಹೊಕ್ಕೇನಿ.”

ಕೊಡಲಿಲ್ಲ. ಮಾವನಾದವನು ಕೈಯಾರೆ ಒಯ್ಯಬೇಕಾದದ್ದು ಹೆಂಡತಿಯ ಚೀಲದಲ್ಲಿ ಹೋಗುವುದೆಂದರೇನು? ಬೈಲಹೊಂಗಲದಲ್ಲಿ ಹೇಳಿ ಮಾಡಿಸಿದ ಎರಡೂ ಬಾಸಿಂಗಗಳನ್ನು ನನ್ನ ಬಳಿಯೇ ಇಟ್ಟುಕೊಂಡೆ. ಮಗನನ್ನು ರಾಮದುರ್ಗಕ್ಕೆ ಕಳಿಸುವ ಹಾಗಿರಲಿಲ್ಲ, ಬೇಡವೆಂದ ಹುಡುಗಿಯ ಮದುವೆಗೆ ಅವನು ಯಾವ ಮುಖ ಹೊತ್ತು ಹೋದಾನು? ಹೆಂಡತಿಯೊಬ್ಬಳೇ ಸೀರೆ ಕುಪ್ಪಸ ತೆಗೆದುಕೊಂಡು ಹೋದಳು.

ಶುಕ್ರವಾರ ಕಿತ್ತೂರಿನಲ್ಲಿ ಎಂಟಕ್ಕೇ ತಯಾರಾಗಿ ನಿಂತೆ. ಹೆಣ್ಣಿನ ಕಡೆಯವರು ಬರಬೇಕಾಗಿದ್ದ ಬಸ್ಸು ದೊಡವಾಡದ ಹತ್ತಿರ ಕೆಟ್ಟು ನಿಂತಿತ್ತು. ಒಂಬತ್ತೂವರೆ ಹೋಯಿತು, ಹತ್ತೂ ಹೋಯಿತು. ನಾನು ಹಂದರದಿಂದ ಜೀಪಿಗೆ, ಜೀಪಿನಿಂದ ಹಂದರಕ್ಕೆ ಅಡ್ಡಾಡುತ್ತಿದ್ದೆ. ಆಗಲಾದರೂ ಸೋಮವ್ವನಿಗೆ ಹೇಳಿ ಹೊರಡಬಹುದಿತ್ತು. ಅವಳು ಬಂದವರಿಗೆಲ್ಲ “ಇವಾ ನಮ್ಮಣ್ಣ, ಇವನ ಕಟ್ಟಾಂವ” ಎಂದು ನನ್ನನ್ನೇ ತೋರಿಸುತ್ತಿದ್ದಳು. ಹಾಗೆ ತೋರಿಸುವವರ ಕೈಯಿಂದ ಬಿಡಿಸಿಕೊಂಡು ಹೋಗುವ ಗಟ್ಟಿತನ ನನ್ನಲ್ಲಿ ಎಂದೂ ಇರಲಿಲ್ಲ. ಅಂತೂ ಬಸ್ಸು ಬಂದು, ನಾನು ಬಾಸಿಂಗ ಕಟ್ಟಿ, ಅಕ್ಕಿಕಾಳು ಬಿದ್ದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಉಣ್ಣದೆ ಹೋಗುವುದಕ್ಕೆ ಸೋಮವ್ವ ಮುಖ ಊದಿಸಿಕೊಂಡಳು. ಇಬ್ಬರಲ್ಲಿ ಒಬ್ಬರಿಗೂ ನೆಟ್ಟಗೆ ಮಾವನಾಗಲಿಲ್ಲ ಎಂದು ಜೀಪಿನಲ್ಲಿ ಕುಳಿತಾಗಲೇ ಹೊಳೆಯಿತು.

ಶಟ್ಟೆಪ್ಪ ಜೀಪು ಓಡಿಸಿದ್ದು ಹೌದು. ಸವದತ್ತಿಯೊಳಗೆ ಬಂದರೆ ಮುಂದೆ ಹೋಗುವುದಿರಲಿ, ಹಿಂದೆ ಸರಿಯಲೂ ಜಾಗವಿಲ್ಲ. ಶುಕ್ರವಾರದ ಎಲ್ಲಮ್ಮನ ಮಂದಿ ಉಗರಗೋಳದ ಕಡೆಯಿಂದ ಟೆಂಪೋ, ಟ್ರ್ಯಾಕ್ಟರ್ ತುಂಬಿಕೊಂಡು ಬರುತ್ತಿದ್ದರು. ಅವರ ನಡುವೆ ಒಂದು ಲಾರಿ ಅಚ್ಚು ಮುರಿದುಕೊಂಡು ರಸ್ತೆಗೆ ಅಡ್ಡ ನಿಂತಿತ್ತು. ನಾನು ಇಳಿದು ಕೂಗಾಡಿದೆ. ಭಂಡಾರ ಬಳಿದುಕೊಂಡ ಒಬ್ಬ ಮುದುಕಿ ನನ್ನನ್ನು ನೋಡಿ, “ತಾಯಿ ಹಾದಿ ಬಿಡಸ್ತಾಳ, ತಡೀಯಪಾ” ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

“ಅಣ್ಣಾರ, ಫೋನ್ ಹಚ್ಚಿ ನೋಡ್ರಿ” ಎಂದ ಶಟ್ಟೆಪ್ಪ.

ಎಸ್‌ಟಿಡಿ ಅಂಗಡಿ ಹುಡುಕಿದೆ. ವಿಜಯಳ ಮನೆಯಲ್ಲಿ ಫೋನಿಲ್ಲ, ಪಕ್ಕದ ಪರಪ್ಪನ ಕಿರಾಣಿ ಅಂಗಡಿಯಲ್ಲಿ ಇತ್ತು. ಪತ್ರಿಕೆಯಲ್ಲಿ ಆ ನಂಬರೇ ಹಾಕಿಸಿದ್ದರು. ಐದು ಸಲ ಹಚ್ಚಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮದುವೆಯ ದಿನ ಪರಪ್ಪ ಅಂಗಡಿಯಲ್ಲಿ ಯಾಕೆ ಇದ್ದಾನು? ಕಿವಿಗೆ ಫೋನು ಹಿಡಿದು ಗೋಡೆಯ ಗಡಿಯಾರ ನೋಡುತ್ತ ನಿಂತೆ, ಒಂದು ಹೊಡೆಯಿತು. ನನ್ನ ಜನ್ಮದಲ್ಲಿ ಅಷ್ಟು ಕೈಲಾಗದವನಾಗಿ ನಾನು ಎಂದೂ ನಿಂತಿರಲಿಲ್ಲ. ಮಧುವಿನ ಬಾಸಿಂಗ ಬಗಲಲ್ಲೇ ಇತ್ತು.

ರಾಮದುರ್ಗ ಮುಟ್ಟಿದಾಗ ಎರಡೂವರೆ. ಹಂದರದಲ್ಲಿ ಪಂಕ್ತಿ ನಡೆದಿತ್ತು. ವೇದಿಕೆಯ ಮೇಲೆ ಮಧು ಗಂಡನ ಪಕ್ಕ ಕುಳಿತಿದ್ದಳು. ಅವಳ ಹಣೆಯ ಮೇಲೆ ಸಂತೆಯ ಅಂಗಡಿಯಲ್ಲಿ ಸಿಗುವಂಥ ಬೇಗಡೆಯ ಬಾಸಿಂಗವಿತ್ತು. ಅವಳ ಹಿಂದೆ ಹೊಸ ರುಮಾಲು ಸುತ್ತಿಸಿಕೊಂಡ ಪರಪ್ಪ, ಆ ರುಮಾಲು ತನ್ನದಲ್ಲ ಎನ್ನುವ ಹಾಗೆ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹೆಂಡತಿ ನನ್ನನ್ನು ಕಂಡು ಕಂಬದ ಮರೆಗೆ ಎಳೆದಳು.

“ವಿಜಯ ಮುಕ್ಕಾಲು ತಾಸು ತಡದ್ಲು. ಗೇಟಿನ್ಯಾಗ ನಿಂತ ಬಿಟ್ಟಿದ್ಲು ಹುಚ್ಚಿಯಂಗ. ಬೀಗರು ಎದ್ದು ಹೊಂಟ್ರು. ಆಮ್ಯಾಲ ಪರಪ್ಪನ್ನ ಕೈ ಹಿಡದು ಕರಕೊಂಡು ಬಂದು, ‘ಇವನ ನಮ್ಮಣ್ಣ, ಇದ್ದಾಂವ ಇವನೊಬ್ಬನ’ ಅಂತ ಎಲ್ಲಾರ ಮುಂದ ಹೇಳಿದ್ಲು. ನಾ ಯಾರಂತ ಬೀಗರಿಗೆ ಗೊತ್ತಿಲ್ಲ. ನೀವೂ ಏನೂ ಮಾತಾಡಬ್ಯಾಡ್ರಿ. ಕೈ ಮುಗೀತೇನಿ.”

ಅಷ್ಟರಲ್ಲಿ ವಿಜಯ, ಬೀಗತಿಯ ಜೊತೆ ಪಂಕ್ತಿ ನೋಡುತ್ತ ನಮ್ಮ ಕಡೆಗೇ ಬಂದಳು. ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ, ದೇವರಾಣೆ. ಅವಳ ಕಣ್ಣು ನನ್ನ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಬೀಗತಿಗೆ ಕುತೂಹಲ.

“ಇವರ್ಯಾರ್ರಿ, ವಿಜಯಕ್ಕಾರ? ಗುರುತು ಸಿಗಲಿಲ್ಲ.”

ವಿಜಯ ನನ್ನ ಕಡೆಗೇ ನೋಡಿದಳು. ನಿಜ ಹೇಳಿದರೆ ಹಂದರದಲ್ಲಿ ಅವಳು ಸುಳ್ಳಿ. ದೊಡ್ಡ ಮಂದಿಯ ಮನೆಗೆ ಹೋಗುವ ಮಧು ಇಂದಿನಿಂದಲೇ ಸುಳ್ಳಿಯ ಮಗಳು. ಅವಳು ಕಾಯುತ್ತಿದ್ದದ್ದು ನನ್ನ ಮಾತಿಗಾಗಿ ಎಂದು ಆಗ ಅರ್ಥವಾಯಿತು. ಅಣ್ಣನಾಗಿ ಅವಳಿಗೆ ಮಾಡಬಹುದಾದದ್ದು ಆ ಹೊತ್ತಿಗೆ ಒಂದೇ ಉಳಿದಿತ್ತು.

“ನಾ ಅವರ ತವರೂರಿನಾಂವ್ರಿ. ಸಂಪಗಾಂವದಾಂವ. ಈ ಕಡೆ ಕೆಲಸಿತ್ತು, ಅಕ್ಕಿಕಾಳು ಒಗದು ಹೋಗೂಣು ಅಂತ ಬಂದೆ” ಎಂದೆ.

“ಹಂಗಾದ್ರ ಉಂಡ ಹೋಗಬೇಕ್ರಿ” ಎಂದಳು ಬೀಗತಿ. ವಿಜಯ ತಲೆಯಾಡಿಸಿ, ಬಡಿಸುವವರನ್ನು ಕರೆದು, “ಇವರಿಗೊಂದು ಎಲಿ ಹಾಕ್ರಿ” ಎಂದಳು.

ಗುರುತಿಲ್ಲದ ಮಂದಿಯ ಸಾಲಿನಲ್ಲಿ ಕುಳಿತು ತಂಗಿಯ ಮಗಳ ಮದುವೆಯ ಬುಂದೆ ತಿಂದೆ. ಯಾರೋ ಪಕ್ಕದವರು, ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳಿದರು. ಕೇಳಿಸಲಿಲ್ಲವೆಂಬಂತೆ ಇನ್ನಷ್ಟು ಅನ್ನ ಬಡಿಸಿಕೊಂಡೆ.