ಅತ್ತೆಯ ಮಂಚದ ತಿಗಣೆ

ಮುಂಗೈ ಮೇಲೆ ಸಾಲಾಗಿ ಮೂರು ಕೆಂಪು ದದ್ದು ಎದ್ದ ದಿನವೇ ಅತ್ತೆಗೆ ಗೊತ್ತಾಗಿತ್ತು. ಡಾಕ್ಟರು ನೋಡಿ ಅಲರ್ಜಿ ಎಂದು ಮುಲಾಮು ಬರೆದುಕೊಟ್ಟರು. ಪಾಪ, ಅವರ ವಯಸ್ಸಿನವರು ತಿಗಣೆ ಕಂಡದ್ದೆಲ್ಲಿ? ಅತ್ತೆ ಹುಟ್ಟಿ ಬೆಳೆದ ಮನೆಯಲ್ಲಿ ಮಂಚಗಳನ್ನು ಬಿಸಿಲಿಗೆ ಎಳೆದು ಸಂದುಗಳಿಗೆ ಕುದಿಯುವ ನೀರು ಹೊಯ್ಯುವುದು ವಾರದ ಕೆಲಸವಾಗಿತ್ತು. ಆಮೇಲೆ ಬಿಳಿ ಪುಡಿಯೊಂದು ಬಂತು, ತಿಗಣೆಯ ವಂಶವೇ ನಿರ್ವಂಶವಾಯಿತೆಂದು ಎಲ್ಲರೂ ನೆಮ್ಮದಿಯಾಗಿ ನಿದ್ದೆ ಹೋದರು. ಅಷ್ಟು ವರ್ಷ ಎಲ್ಲಿ ಅಡಗಿ ಕೂತಿತ್ತೋ ಏನೋ, ಈಗ ನಾಲ್ಕನೇ ಮಹಡಿಯ ಬಾಡಿಗೆ ಮನೆಗೆ ಹತ್ತಿ ಬಂದಿತ್ತು.

ಮುದುಕಿಯ ನಿದ್ದೆ ಕೆಡಿಸಿದ್ದು ಬರೀ ತಿಗಣೆಯಲ್ಲ. ಹೋದ ವರ್ಷ ಈ ಮನೆಗೆ ಬರುವಾಗ, "ಹೊಸದು ತಗೊಳ್ಳೋಣ ಅತ್ತೆ" ಎಂದ ಸೊಸೆಯ ಮಾತು ಕೇಳದೆ ಹಳೆಯ ಮರದ ಮಂಚವನ್ನೇ ಹಠ ಹಿಡಿದು ಹೊರಿಸಿಕೊಂಡು ಬಂದವಳು ಅವಳೇ. ಮಂಚದ ಜೊತೆ ತಿಗಣೆಯೂ ಬಂತು, ಇನ್ನೇನು! ಲಾರಿ ಓಡಿಸುವ ಮಗ ತಿಂಗಳಿಗೆರಡು ದಿನದ ನೆಂಟ. ಲಾಡ್ಜಿನಲ್ಲಿ ದಿನವಿಡೀ ಕೋಣೆ ಗುಡಿಸಿ, ಹಾಸಿಗೆ ಬದಲಿಸಿ, ಸುಸ್ತಾಗಿ ಬಂದರೂ ಸೊಸೆ ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಅಂಥವಳ ಮನೆಗೆ ಇಂಥ ಹುಳ ತಂದೆನಲ್ಲ ಎಂದು ಅತ್ತೆಗೆ ನಾಚಿಕೆ, ಸಂಕಟ ಎರಡೂ.

ಹೇಳಲು ಬಾಯಿ ಬರಲಿಲ್ಲ. ಕಚ್ಚಿಸಿಕೊಂಡಾಗಲೆಲ್ಲ ದಿಂಬು, ಹೊದಿಕೆ ಎತ್ತಿಕೊಂಡು ಜಾಗ ಬದಲಿಸಿದಳು. ಮೊದಲು ಸೋಫಾ, ಆಮೇಲೆ ಮಗನ ಆರಾಮಕುರ್ಚಿ. ತಿಗಣೆಗಳೂ ಕರೆಯದೆ ಬರುವ ನೆಂಟರ ಹಾಗೆ ಹಿಂದೆ ಹಿಂದೆಯೇ ಬಂದವು. ಕೊನೆಗೆ ಒಂದು ಬೆಳಿಗ್ಗೆ ಸೀರೆಗಳನ್ನು ಚೀಲಕ್ಕೆ ತುಂಬಿದಳು.

"ಎಲ್ಲಿಗೆ ಹೊರಟ್ರಿ ಅತ್ತೆ?" ಸೊಸೆ ಬಾಗಿಲಲ್ಲೇ ನಿಂತಳು.

"ತಂಗಿ ಮನೆಗೆ. ನಾಲ್ಕು ದಿನ ಇದ್ದು ಬರ್ತೀನಿ."

"ನಾಲ್ಕು ದಿನಕ್ಕೆ ಮಂಚ ಯಾಕೆ ಗುಜರಿಯವನಿಗೆ ಕೊಡಬೇಕು? ನೀವೇ ತಗೊಂಡು ಹೋಗು ಅಂದಿದ್ರಂತೆ, ಬೆಳಿಗ್ಗೇನೇ ಬಂದು ಕೇಳಿದ ಅವನು."

ಅತ್ತೆಯ ಕಣ್ಣು ತುಂಬಿತು. "ತಿಗಣೆ ಕಣಮ್ಮ. ನನ್ನ ಮಂಚದ್ದು. ನಾನು ಇದ್ದಷ್ಟೂ ನಿಂಗೆ ತೊಂದರೆ."

ಸೊಸೆ ಚೀಲ ಕಸಿದಿಟ್ಟು ಫೋನು ತೆಗೆದಳು.

ತಿಗಣೆ ಹೊಡೆಯುವವನು ಬಂದ. ಹಣೆಯ ಮೇಲೆ ಕನ್ನಡಕ, ಕೈಯಲ್ಲಿ ಟಾರ್ಚು. ಹಾಸಿಗೆಯ ಹೊಲಿಗೆ, ಮಂಚದ ಸಂದುಗಳನ್ನೆಲ್ಲ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ನೋಡಿದ. ಕಡೆಗೆ ಮಂಚದ ತಲೆಭಾಗಕ್ಕೆ ನೇತುಹಾಕಿದ್ದ ಬ್ಯಾಗಿನ ಒಳಮಡಿಕೆ ಬಿಡಿಸಿದ.

"ಇವು ಮಂಚದ್ದಲ್ಲಮ್ಮ. ಸಂಸಾರ ಶುರುವಾಗಿರೋದು ಇಲ್ಲಿ."

ಅದು ಸೊಸೆ ದಿನಾ ಕೆಲಸಕ್ಕೆ ಒಯ್ಯುವ ಬ್ಯಾಗು. ಅವಳ ಮುಖ ಬಿಳಿಚಿಕೊಂಡಿತು.

"ಅದು ನಂದೇ ಬ್ಯಾಗು," ಎಂದಳು ಅತ್ತೆ ತಟ್ಟನೆ.

ಬ್ಯಾಗಿನ ಮೇಲೆ ಲಾಡ್ಜಿನ ಹೆಸರು ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿತ್ತು. ಅವನು ಓದಿದ, ಓದದವನ ಹಾಗೆ ಇಟ್ಟ. "ಯಾರದಾದ್ರೇನು ಬಿಡಿ. ಕೊಳಕಿದೆ ಅಂತ ಬರೋದಲ್ಲ ಇದು. ಜನ ಓಡಾಡಿದ ಕಡೆಯೆಲ್ಲ ಅವರ ಸಾಮಾನಲ್ಲಿ ಕೂತು ಬರುತ್ತೆ. ಹಳೇ ಔಷಧಿಗೆಲ್ಲ ಈಗ ಜಗ್ಗಲ್ಲ."

"ನಂಗೆ ಒಂದೂ ಕಚ್ಚಿಲ್ವಲ್ಲ?" ಎಂದಳು ಸೊಸೆ, ಸಣ್ಣ ದನಿಯಲ್ಲಿ.

"ಕಚ್ಚಿರುತ್ತೆ. ಕೆಲವರ ಮೈಮೇಲೆ ಗುರುತು ಏಳಲ್ಲ, ಅಷ್ಟೆ."

ಮನೆಯೆಲ್ಲ ಬಿಸಿ ಹಬೆ ಹಾಯಿಸಿ, ಮಂಚವನ್ನು ಗೋಡೆಯಿಂದ ದೂರ ಸರಿಸಿ, ನಾಲ್ಕು ಕಾಲುಗಳನ್ನೂ ನುಣುಪಾದ ಬಟ್ಟಲುಗಳಲ್ಲಿ ನಿಲ್ಲಿಸಿದ. "ಮೊಟ್ಟೆ ಉಳಿದಿದ್ರೆ ಇನ್ನು ಮೇಲೆ ಒಡೆದು ಮರಿ ಬರ್ತವೆ. ಅಜ್ಜಿ ಹದಿನೈದು ದಿನ ಇಲ್ಲೇ ಮಲಗಬೇಕು. ಉಸಿರಿನ ಜಾಡು ಹಿಡಿದು ಬರ್ತವೆ, ಬಂದವು ಬಟ್ಟಲಿಗೆ ಬೀಳ್ತವೆ, ನುಣುಪಿಗೆ ಹತ್ತಿ ಬರಕ್ಕಾಗಲ್ಲ. ಜಾಗ ಬದಲಿಸಿದ್ರೆ ಹಿಂದೇನೇ ಹೋಗ್ತವೆ. ಬೇರೆಯವರ ಮನೆಗಂತೂ ಬೇಡವೇ ಬೇಡ."

ಅವನು ಹೋದ ಮೇಲೆ ಸೊಸೆ ಅತ್ತೆಯ ತೋಳಿನ ದದ್ದುಗಳ ಮೇಲೆ ಕೈಯಾಡಿಸಿ ಅತ್ತುಬಿಟ್ಟಳು. ಆಮೇಲೆ ತನ್ನ ದಿಂಬು ತಂದು ಹಳೆಯ ಮಂಚದ ಮೇಲಿಟ್ಟಳು.

"ನೀನ್ಯಾಕೆ ಇಲ್ಲಿ?"

"ಒಬ್ಬರೇ ಯಾಕೆ ಕಚ್ಚಿಸ್ಕೋಬೇಕು? ಸರೀರಿ ಆ ಕಡೆ."

ಬೆಳಗಾದರೆ ಇಬ್ಬರೂ ನೆಲಕ್ಕೆ ಬಗ್ಗಿ ಬಟ್ಟಲು ನೋಡುವುದೇ ಒಂದು ಕೆಲಸವಾಯಿತು. ಮೊದಲ ದಿನ ಏಳು ಬಿದ್ದಿದ್ದವು, ವಾರದ ಹೊತ್ತಿಗೆ ಎರಡು. ಆಮೇಲೆ ಬಟ್ಟಲು ಬರಿದಾದರೂ ಮಾತು ಬರಿದಾಗಲಿಲ್ಲ. ಲಾಡ್ಜಿನಲ್ಲಿ ಮ್ಯಾನೇಜರು ಬೈದದ್ದು, ಮಗ ಚಿಕ್ಕವನಿದ್ದಾಗ ಪೆಟ್ಟಿಗೆಯಲ್ಲಿ ಅಡಗಿ ನಿದ್ದೆ ಹೋದದ್ದು, ಎಲ್ಲ ಆ ಮಂಚದ ಮೇಲೆ ಬಂದು ಹೋದವು. ಇಷ್ಟು ಸುಖವಾಗಿ ಮಲಗಿ ಎಷ್ಟು ವರ್ಷವಾಯಿತೋ ಎಂದು ಅತ್ತೆಗೆ ಅನಿಸಿತು.

ಹದಿನಾರನೆಯ ದಿನ ತಿಗಣೆಯವನು ಬಂದು ಮತ್ತೆ ಎಲ್ಲ ಸಂದುಗಳನ್ನೂ ನೋಡಿದ. "ಮನೆ ಚೊಕ್ಕ ಆಯ್ತು. ಅಜ್ಜಿ ಇನ್ನು ತಂಗಿ ಮನೆಗೆ ಧಾರಾಳವಾಗಿ ಹೋಗಬಹುದು."

ಅತ್ತೆ ಸೆರಗಿನ ಅಂಚು ಹಿಡಿದು ನಿಂತಳು. ಹೋಗುತ್ತೇನೆ ಎಂದವಳು ತಾನೇ. ಇರುತ್ತೇನೆ ಎಂದು ಈಗ ಯಾವ ಬಾಯಿಂದ ಹೇಳುವುದು?

ಸೊಸೆ ಮಂಚದ ಕಾಲಿನ ಬಳಿ ಕೂತು ಬಟ್ಟಲೊಳಗೆ ಬಹಳ ಹೊತ್ತು ನೋಡಿದಳು. "ಇಲ್ಲೊಂದು ಇದೆ," ಎಂದಳು, ತಲೆಯೆತ್ತದೆ.

ಅವನು ಟಾರ್ಚು ಹಾಕಿ ಬಗ್ಗಿದ. ಬಟ್ಟಲು ಖಾಲಿಯಿತ್ತು. ಅವನು ಸೊಸೆಯ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಇನ್ನೂ ಕೆಲವು ದಿನ ಅಜ್ಜಿ ಇಲ್ಲೇ ಇರಬೇಕಾಗುತ್ತೆ," ಎಂದ.

ಅತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಸೊಸೆಯ ಪಕ್ಕ ಕೂತಳು. ಬಟ್ಟಲಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಒಂದಲ್ಲ ಕಣೇ," ಎಂದಳು, "ಎರಡಿವೆ."